ಹೆಳವರ ಪುಸ್ತಕದಲ್ಲಿ ಅತ್ತೆಯ ಹೆಸರು

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ನಮ್ಮೂರಿಗೆ ಮನೆತನಗಳ ವಂಶಾವಳಿ ಓದುವ ಹೆಳವರು ಬರುತ್ತಿದ್ದರು. ವರ್ಷ ವರ್ಷವೂ ಅಲ್ಲ, ಮೂರಕ್ಕೋ ಐದಕ್ಕೋ ಒಮ್ಮೆ. ಎತ್ತಿನ ಗಂಟೆಯ ಸದ್ದು ಓಣಿಯ ತಿರುವಿನಲ್ಲಿ ಕೇಳಿದ ಕೂಡಲೇ ಅಜ್ಜ ಕಟ್ಟೆಯ ಮೇಲೆ ಕಂಬಳಿ ಹಾಸಿಸುತ್ತಿದ್ದರು. ನೀರು, ಬೆಲ್ಲ, ಊಟ ಎಲ್ಲ ಆದ ಮೇಲೆಯೇ ಪುಸ್ತಕ ಹೊರಗೆ ಬರುತ್ತಿತ್ತು. ಕೆಂಪು ಅರಿವೆಯಲ್ಲಿ ಸುತ್ತಿದ, ಅಂಚು ಸವೆದು ಮೆತ್ತಗಾದ ಉದ್ದನೆಯ ಪುಸ್ತಕ. ಹಳೆಯ ಹಾಳೆಗಳಲ್ಲಿ ಹೆಳವನ ಅಜ್ಜನ ದುಂಡನೆಯ ದಪ್ಪ ಅಕ್ಷರ, ಆಮೇಲೆ ಅಪ್ಪನ ಒತ್ತಾದ ಬರಹ, ಕೊನೆಗೆ ಅವನದೇ ಬಾಲ್ ಪೆನ್ನಿನ ನೀಲಿ ಸಾಲುಗಳು. ನಮ್ಮ ಮನೆತನದ ಜೊತೆ ಅವರ ಮನೆತನವೂ ಅಲ್ಲೇ ಕೂತಿತ್ತು.

ಅವನು ಓದುವುದಕ್ಕೆ ಒಂದು ಧಾಟಿಯಿತ್ತು. ಮೂಲ ಊರು, ಬೆಡಗು, ಇಂಥವನ ಮಗ ಇಂಥವ, ಅವನಿಗೆ ಮೂರು ಮಂದಿ, ನಡುವಿನವನ ಸಂತಾನ ಇಲ್ಲಿ, ಕಿರಿಯವ ಹೊಳೆ ದಾಟಿ ಹೋದ. 'ಧಾತು ಸಂವತ್ಸರದ ಬರದಾಗ ಊರು ಬಿಟ್ಟು' ಎಂಬ ಮಾತು ಬಂದಾಗ ಅಜ್ಜ ಕೈಮುಗಿಯುತ್ತಿದ್ದರು. ಅದು 1876ರ ಬರ. 1871ರ ಗಣತಿಯಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತೆಂದು ಸರಕಾರಿ ಕಾಗದ ಹೇಳುತ್ತದೆ. ಉತ್ತರದ ನಮ್ಮ ಸೀಮೆಯನ್ನೂ ಆ ಬರ ಬಿಡಲಿಲ್ಲ. ಸರಕಾರದ ಲೆಕ್ಕ ಬೇಕಾದದ್ದೇ, ಅದಿಲ್ಲದೆ ಆ ಅನಾಹುತ ಎಷ್ಟು ದೊಡ್ಡದೆಂಬುದು ತಿಳಿಯುತ್ತಿರಲಿಲ್ಲ. ಆದರೆ ಆ ಲೆಕ್ಕದಲ್ಲಿ ಯಾರು ಯಾವ ಊರಿನಿಂದ ಎದ್ದು ಎಲ್ಲಿಗೆ ಹೋದರು, ದಾರಿಯಲ್ಲಿ ಯಾರು ಉಳಿದರು ಎಂಬುದಿಲ್ಲ. ಹೆಳವನ ಪುಸ್ತಕದಲ್ಲಿ ಅದಿದೆ. ಹೊರಟವರು ಐವರು, ಮುಟ್ಟಿದವರು ಇಬ್ಬರು ಎಂದು ಅವನು ಓದುವಾಗ ಉಳಿದ ಮೂವರ ಹೆಸರನ್ನು ಒಂದೊಂದಾಗಿ ಹೇಳುತ್ತಿದ್ದ.

ಈ ವೃತ್ತಿಯವರನ್ನು ಇಂಗ್ಲಿಷರು ಹೇಗೆ ದಾಖಲಿಸಿದರು ಎಂಬುದನ್ನು ನೋಡಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಹೆಳವರ ವಿವರವಿದೆ. ಅವರು ಎತ್ತಿನ ಮೇಲೆ ಬರುತ್ತಾರೆ, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡಿರುತ್ತಾರೆ, ಮನೆ ಮನೆಗೆ ಹೋಗಿ ಮನೆತನದ ಚರಿತ್ರೆ ಹೇಳುತ್ತಾರೆ, ಯುದ್ಧದಲ್ಲಿ ಮಡಿದ ವೀರರ ಹೆಸರು ಹೇಳುತ್ತಾರೆ ಎಂದೆಲ್ಲ ಸರಿಯಾಗಿಯೇ ಬರೆದಿದ್ದಾನೆ. ಊರಿನ ಚರಿತ್ರೆಯನ್ನು ಕಾಯುವವರು ಎಂದೂ ಕರೆದಿದ್ದಾನೆ. ಆದರೂ ಅವರನ್ನು ಇಟ್ಟದ್ದು ಬೇಡಿ ತಿನ್ನುವವರ ಸಾಲಿನಲ್ಲಿ. ಕಚೇರಿಯಲ್ಲಿ ಕೂತು ವಂಶಾವಳಿ ಬರೆದವನಿಗೆ ಸಂಬಳ, ಕಟ್ಟೆಯ ಮೇಲೆ ಕೂತು ಬರೆದವನಿಗೆ ಭಿಕ್ಷುಕನೆಂಬ ಹೆಸರು. ಆ ಹೆಸರು ಇಂದಿಗೂ ಅವರನ್ನು ಬಿಟ್ಟಿಲ್ಲ. ಹೆಳವ ಒಯ್ಯುವ ಕಾಳು, ಬಟ್ಟೆ, ಎತ್ತು ದಾನವಲ್ಲ, ಮೂರು ತಲೆಮಾರಿನ ದುಡಿಮೆಯ ಕೂಲಿ. ಅದನ್ನು ಕೂಲಿಯೆಂದು ಕರೆಯದೆ ಅವರ ಕೆಲಸವನ್ನು ಸರಿಯಾಗಿ ಅಳೆಯಲಾಗದು.

ಯಾರ ವಂಶ ಮುಂದುವರಿಯಿತು, ಯಾರದು ನಿಂತಿತು ಎಂದು ಹೇಳುವ ಅಧಿಕಾರ ಸಣ್ಣದಲ್ಲ. ಕಿತ್ತೂರಿನಲ್ಲಿ 1824ರಲ್ಲಿ ನಡೆದದ್ದು ಆ ಪ್ರಶ್ನೆಯ ಮೇಲಿನ ಕಾಳಗವೇ. ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಕಂಪನಿಯ ಕಾಗದದಲ್ಲಿ ಆ ಮನೆತನ ಮುಗಿದಿತ್ತು, ಚೆನ್ನಮ್ಮನ ಲೆಕ್ಕದಲ್ಲಿ ಮುಗಿದಿರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಥ್ಯಾಕರೆ ಸತ್ತ. 34 ವರ್ಷಗಳ ಮೇಲೆ ನರಗುಂದದ ಬಾಬಾಸಾಹೇಬ ದಂಗೆಯೆದ್ದದ್ದರ ಹಿಂದೆಯೂ ದತ್ತಕಕ್ಕೆ ಒಪ್ಪಿಗೆ ಸಿಗದ ಸಂಕಟವಿತ್ತು. ನಡುವೆ 1852ರ ಇನಾಂ ಕಮಿಷನ್ ಮುಂಬೈ ಪ್ರಾಂತ್ಯದ ಮನೆ ಮನೆಯ ಸನದುಗಳನ್ನು ಹೊರಗೆಳೆದು, ಪುರಾವೆ ತೋರಿಸಲಾಗದವರ ಭೂಮಿಯನ್ನು ಕಸಿದಿತ್ತು. ಅಂದಿನಿಂದ ನಮ್ಮ ಕಡೆಯ ಜನರಿಗೆ ಕಾಗದವೆಂದರೆ ಭಯ. ಟ್ರಂಕಿನ ತಳದಲ್ಲಿ, ಜಗಲಿಯ ದೇವರ ಹಿಂದೆ, ಓದಲು ಬಾರದ ಮೋಡಿ ಅಕ್ಷರದ ಪತ್ರಗಳನ್ನು ಇಂದಿಗೂ ಬಚ್ಚಿಟ್ಟುಕೊಂಡ ಮನೆಗಳಿವೆ. ಅದು ನೆನಪನ್ನು ಕಾಯುವ ಪ್ರೀತಿಯಷ್ಟೇ ಅಲ್ಲ, ಕಳೆದುಕೊಂಡವರ ಎಚ್ಚರ.

ಹೆಳವನ ಪುಸ್ತಕದ ದೊಡ್ಡ ಗುಣ ನನಗೆ ಕಾಣುವುದು ಇಲ್ಲಿ: ಯಾರ ವಿಷಯ ಬರೆದಿದೆಯೋ ಅವರ ಎದುರಿಗೇ ಅದನ್ನು ಗಟ್ಟಿಯಾಗಿ ಓದಬೇಕು. ಓದುವಾಗ ದೊಡ್ಡಪ್ಪ ತಡೆಯುತ್ತಿದ್ದರು, ಎದುರು ಮನೆಯವರು ತಡೆಯುತ್ತಿದ್ದರು. 'ಅಲ್ಲೋ, ಅಂವ ಹಿರ್ಯಾ ಅಲ್ಲ, ಎರಡನೇದಾಂವ.' ವಾದ, ಸಾಕ್ಷಿ, ಆಮೇಲೆ ತಿದ್ದುಪಡಿ. ಕರ್ನಲ್ ಮೆಕೆಂಜಿ ಊರೂರಿಂದ ಬರೆಸಿ ತರಿಸಿದ ಕೈಫಿಯತ್ತುಗಳು ಚೆನ್ನೈಯಲ್ಲೂ ಲಂಡನ್ನಿನಲ್ಲೂ ಭದ್ರವಾಗಿ ಉಳಿದವು. ಅವುಗಳಿಲ್ಲದೆ ನಮ್ಮ ಚರಿತ್ರೆ ಬಡವಾಗುತ್ತಿತ್ತು. ಎಂ. ಎಂ. ಕಲಬುರ್ಗಿಯವರಂಥ ವಿದ್ವಾಂಸರು ಅವುಗಳನ್ನು ಸಂಪಾದಿಸಿ ಕನ್ನಡದ ಓದುಗರ ಕೈಗಿಟ್ಟರು. ಆದರೆ ಆ ಊರಿನವರಿಗೆ ಅದನ್ನು ಓದಿ ಹೇಳಿ, ಸರಿಯೇ ತಪ್ಪೇ ಎಂದು ಕೇಳುವ ಏರ್ಪಾಡು ಆ ಸಂಗ್ರಹದಲ್ಲಿ ಇರಲಿಲ್ಲ. ಬರೆಸಿಕೊಂಡು ಹೋದರು, ಅಲ್ಲಿಗೆ ಮುಗಿಯಿತು.

ಹಾಗೆಂದು ಹೆಳವನ ಪುಸ್ತಕವನ್ನು ಸತ್ಯದ ಗಂಟು ಎಂದು ತಲೆಯ ಮೇಲೆ ಹೊರಲಾರೆ. ಕಾಳು ಕೊಡುವ ಮನೆಯ ಎದುರು ಕೂತು ಓದುವವನು ಆ ಮನೆಯನ್ನು ಹೊಗಳುತ್ತಾನೆ. ಹಿರಿಯರೆಲ್ಲ ಶೂರರು, ದಾನಿಗಳು. ಜಗಳ, ಕೊಲೆ, ಸಾಲ, ಓಡಿಹೋದ ಮಗ ಎಲ್ಲ ಜಾರಿಹೋಗುತ್ತವೆ. ಈ ತೊಡಕು ನಮ್ಮದಷ್ಟೇ ಅಲ್ಲ. ಅಲೆಕ್ಸ್ ಹೇಲಿ ತನ್ನ 1976ರ 'ರೂಟ್ಸ್' ಕೃತಿಗೆ ಗ್ಯಾಂಬಿಯಾದ ಜುಫುರೆ ಎಂಬ ಹಳ್ಳಿಯಲ್ಲಿ ಕೇಳಿದ ವಂಶಕಥನವನ್ನು ಆಧಾರ ಮಾಡಿಕೊಂಡ. ಐದು ವರ್ಷಗಳ ಮೇಲೆ ಇತಿಹಾಸಕಾರ ಡೊನಾಲ್ಡ್ ರೈಟ್ ಅದನ್ನು ಶೋಧಿಸಿ, ದೂರದಿಂದ ಬಂದ ಅತಿಥಿ ಕೇಳಲು ಬಯಸಿದ್ದನ್ನೇ ಅಲ್ಲಿ ಹೇಳಿದಂತಿದೆ ಎಂದು ತೋರಿಸಿದ. ಗುಲಾಮಗಿರಿಯಲ್ಲಿ ಬೇರು ಕಳೆದುಕೊಂಡವರಿಗೆ ಆ ಕಥೆ ಕೊಟ್ಟ ಬಲ ಸುಳ್ಳಲ್ಲ. ಆದರೆ ಬಲ ಬೇರೆ, ಪುರಾವೆ ಬೇರೆ. ಕೊಡಲು ಏನೂ ಇಲ್ಲದ ಮನೆಗಳ ಗತಿಯೇನು? ನಾನು ನೋಡಿದ ಪುಸ್ತಕದಲ್ಲಿ ನಮ್ಮ ಓಣಿಯ ಎರಡು ಮನೆಗಳ ಸಾಲು ಹೆಳವನ ಅಜ್ಜನ ಅಕ್ಷರದಲ್ಲೇ ನಿಂತುಬಿಟ್ಟಿತ್ತು. ಆ ಮನೆಯವರು ಗುಳೆ ಹೋಗಿದ್ದರು. ಹೆಳವ ಅವರನ್ನು ಹುಡುಕಿಕೊಂಡು ಹೋಗಿರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೊರತೆ ಹೆಂಗಸರದು. ಒಮ್ಮೆ ಆಯಿ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದಳು, 'ಅದರಾಗ ನನ್ನ ಹೆಸರು ಎಲ್ಲೈತೋ ತಮ್ಮಾ?' ಹೆಳವ ಪ್ರೀತಿಯಿಂದಲೇ ಹೇಳಿದ, 'ಯವ್ವಾ, ನೀವು ಯಜಮಾನ್ರ ಹೆಸರಿನಾಗ ಅದೀರಿ.' ಆಯಿ ಒಳಗೆ ಹೋದಳು. ಧಾತು ಬರದಲ್ಲಿ ಸತ್ತ ಮೂವರೂ ಗಂಡಸರೇ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ. ಅವರ ಹೆಂಡಿರು, ಅಕ್ಕತಂಗಿಯರು ಆ ದಾರಿಯಲ್ಲಿ ನಡೆದಿರಲಿಲ್ಲವೇ?

ಈ ಒಂದು ವಿಷಯದಲ್ಲಿ ನಾಡಕಚೇರಿಯ ವಂಶವೃಕ್ಷ ಮೇಲು ಎಂದು ಒಪ್ಪಬೇಕು. ಪೌತಿ ಖಾತೆಗೆಂದು ಬರೆಸುವ ಆ ಒಣ ಕಾಗದಕ್ಕೆ ಧಾಟಿಯಿಲ್ಲ, ಊರು ಬಿಟ್ಟ ಕಥೆಯಿಲ್ಲ. ಆದರೆ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇರಲೇಬೇಕು. ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಕೇಂದ್ರದ್ದು 2005ರಲ್ಲಿ. ಹೆಸರು ಬರೆಸಿದ ಮರುದಿನವೇ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕಂದಿರ ಸಹಿ ಮಾಡಿಸುವ ಅಣ್ಣತಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ. ಆದರೂ ಬಿಡುಗಡೆ ಪಡೆಯಬೇಕಾದರೆ ಮೊದಲು ಅವಳಿದ್ದಾಳೆ ಎಂದು ಒಪ್ಪಬೇಕಲ್ಲ.

ಈಗ ಹೆಳವರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಡಬೇಕು ಎಂಬ ಮಾತಿದೆ. ಹರಿದ್ವಾರದ ಪಂಡಾಗಳ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ ಎಂದೋ ಮೈಕ್ರೋಫಿಲ್ಮ್ ಮಾಡಿತು. ಗೆದ್ದಲಿಗೂ ಮಳೆಗೂ ಸಿಗುವ ಹಾಳೆಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊನ್ನೆ ಊರಿಗೆ ಬೈಕಿನಲ್ಲಿ ಬಂದ ಹೆಳವನ ಮೊಮ್ಮಗನ ಮುಂದೆ ನಾನು ಮೊಬೈಲ್ ತೆಗೆದಾಗ ಅವನು ಹಾಳೆಯ ಮೇಲೆ ಅಂಗೈ ಇಟ್ಟ. 'ಫೋಟೋ ಬ್ಯಾಡ್ರಿ. ನಮ್ಮ ಹೊಟ್ಟಿ ಇದರಾಗ ಐತಿ.' ನಾನು ಮೊಬೈಲ್ ಕಿಸೆಗೆ ಹಾಕಿದೆ. ಇಂಥ ಊರು ಇಂಥ ಹೆಳವರ ಮನೆಗೆ ಎಂದು ಹಂಚಿಕೊಂಡು ಬಾಳಿದ ಜನ ಅವರು, ಅವರಿಗೆ ಈ ಪುಸ್ತಕವೇ ಹೊಲ. ಅವರ ಒಪ್ಪಿಗೆ, ಪಾಲು, ಕೂಲಿ ಯಾವುದೂ ಇಲ್ಲದ ಸಂಗ್ರಹ ಮತ್ತೊಂದು ಬರೆಸಿಕೊಂಡು ಹೋಗುವ ಕೆಲಸವೇ ಆಗುತ್ತದೆ. ಪ್ರತಿ ಇಡುವುದಾದರೆ ಮೊದಲ ಪ್ರತಿ ಅವನ ಮನೆಯಲ್ಲಿರಲಿ, ಓದುವ ಹಕ್ಕೂ ಅವನದೇ ಇರಲಿ.

ಅವತ್ತು ಅವನಿಗೆ ಜೋಳ, ದುಡ್ಡು ಕೊಟ್ಟು, ನನ್ನ ದೊಡ್ಡ ಸೋದರತ್ತೆಯ ಹೆಸರು ಬರೆಯಲು ಕೇಳಿದೆ. ಮದುವೆಯಾಗಿ ಎರಡೇ ವರ್ಷಕ್ಕೆ ಬಾಣಂತನದಲ್ಲಿ ಹೋದವಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಹುಡುಗ ಪೆನ್ನು ಹಿಡಿದು ಬಹಳ ಹೊತ್ತು ಹಾಳೆ ನೋಡಿದ. 'ಎಲ್ಲಿ ಬರೀಲ್ರೀ? ನಮ್ಮಜ್ಜ ಇದಕ್ಕ ಜಾಗಾನ ಬಿಟ್ಟಿಲ್ಲ.' ಅಪ್ಪನ ಹೆಸರಿನ ಪಕ್ಕ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದ. ಪುಸ್ತಕ ಮುಚ್ಚುವ ಮೊದಲು ಬರೆದದ್ದನ್ನು ಓದಬೇಕೆಂಬುದು ಅವರ ರೂಢಿ. ಅಜ್ಜನ ಧಾಟಿಯಲ್ಲೇ ಓದುತ್ತ ಬಂದು ಅಂಚಿನ ಹೆಸರಿಗೆ ಮುಟ್ಟಿದಾಗ ತಡವರಿಸಿದ, ಆ ಧಾಟಿಗೆ ಹೆಣ್ಣಿನ ಹೆಸರು ಹೊಂದಲಿಲ್ಲ. ಒಳಗಿನಿಂದ ಅವ್ವ ಕೂಗಿ ಹೇಳಿದಳು, 'ಕೊಟ್ಟ ಊರೂ ಬರ್ಕೊಳಪ್ಪಾ, ಬರೇ ಹೆಸರ ಬರದ್ರ ಯಾರ ಅಂತ ಗೊತ್ತಾಗ್ತೈತಿ?' ಹುಡುಗ ಮತ್ತೆ ಪೆನ್ನು ತೆಗೆದ.