ನಕ್ಷೆಯಲ್ಲಿ ಗೋರಿಪಾಳ್ಯ

ಬೆಂಗಳೂರಿನಲ್ಲಿ ದಾರಿ ಕೇಳುವ ಪದ್ಧತಿಯೇ ಹೊರಟುಹೋಗುತ್ತಿದೆ. ಪಾನ್ ಅಂಗಡಿಯವನನ್ನೂ ಆಟೊ ಸ್ಟ್ಯಾಂಡಿನವನನ್ನೂ ಬಿಟ್ಟು ನಾವೆಲ್ಲ ಮೊಬೈಲಿನೊಳಗಿನ ನಕ್ಷೆಯನ್ನೇ ಕೇಳುತ್ತೇವೆ. ದವಾಖಾನೆ ಎಲ್ಲಿದೆ ಎಂಬುದರಿಂದ ಹಿಡಿದು ಬಿರಿಯಾನಿ ಹೇಗಿದೆ ಎಂಬುದರವರೆಗೆ ಅದು ಉತ್ತರ ಕೊಡುತ್ತದೆ. ಕತೆ, ಕಾದಂಬರಿ, ಸಿನಿಮಾಗಳನ್ನು ಸಾಲುಸಾಲಾಗಿ ಕೆದಕಿ ನೋಡುವ ನಾವು, ಇಷ್ಟೊಂದು ಜನ ದಿನವೂ ಓದುವ ಈ ಕೃತಿಯನ್ನು ಮಾತ್ರ ವಿಮರ್ಶೆಯಿಲ್ಲದೆ ಒಪ್ಪಿಕೊಂಡಿದ್ದೇವೆ. ನಕ್ಷೆಯನ್ನೂ ಯಾರೋ ಬರೆದಿರುತ್ತಾರೆ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕೆಂದು ಅವರೂ ತೀರ್ಮಾನಿಸಿರುತ್ತಾರೆ.

ಮೈಸೂರು ರಸ್ತೆಯ ಗೋರಿಪಾಳ್ಯವನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ಗೋರಿ ಎಂದರೆ ಸಮಾಧಿ, ಉರ್ದುವಿನ ‘ಗೋರ್’ ಅದರ ನೆಂಟ. ಹಿಂದಿ ಹಾಡುಗಳ ಗೋರಿಯಾದರೋ ಬಿಳಿ ಮೈಬಣ್ಣದ ಹುಡುಗಿ! ಪಾಳ್ಯ ಎಂಬ ಮಾತು ಜೊತೆಗಿರುವುದರಿಂದ ಕನ್ನಡಿಗನಿಗೆ ಗೊಂದಲವಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಓದುವ ಹೊರಗಿನವನಿಗೆ ಹುಡುಗಿಯೇ ನೆನಪಾದರೆ ಅವನ ತಪ್ಪಲ್ಲ. 2021ರಲ್ಲಿ ಗೂಗಲ್ ತನ್ನ ನಕ್ಷೆಯ ಸ್ಥಳಗಳ ಹೆಸರನ್ನು ಕನ್ನಡವೂ ಸೇರಿ 10 ಭಾರತೀಯ ಭಾಷೆಗಳ ಲಿಪಿಗೆ ಯಂತ್ರದ ಮೂಲಕ ಇಳಿಸಲು ಶುರುಮಾಡಿತು. ಇಂಗ್ಲಿಷ್ ಬಾರದವರಿಗೆ ಇದರಿಂದ ಉಪಕಾರವಾಗಿದೆ, ಅಲ್ಲವೆನ್ನಲಾಗದು. ಆದರೆ ಇಂಗ್ಲಿಷಿನಲ್ಲಿ ‘ಳ’ ಇಲ್ಲ, ‘ತ’ಕ್ಕೂ ‘ಟ’ಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಹುಟ್ಟಿದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮರಳಿ ಕನ್ನಡಕ್ಕೆ ಬರುವಾಗ ಪರವೂರಿನಿಂದ ಬಂದ ಅತಿಥಿಯಂತೆ ಬಾಗಿಲಲ್ಲಿ ನಿಲ್ಲುತ್ತದೆ.

ಹೆಸರು ತಪ್ಪುವುದು ಸಣ್ಣ ಸಂಗತಿ. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಇದೇ ಗೋರಿಪಾಳ್ಯವನ್ನು ಪಾಕಿಸ್ತಾನದಲ್ಲಿದೆ ಎಂಬರ್ಥದಲ್ಲಿ ಮಾತನಾಡಿದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅವರು ವಿಷಾದ ವ್ಯಕ್ತಪಡಿಸಿದ ಮೇಲೆ, ಭಾರತದ ಯಾವ ಭಾಗವನ್ನೂ ಪಾಕಿಸ್ತಾನ ಎಂದು ಕರೆಯುವಂತಿಲ್ಲವೆಂದು ಹೇಳಿ ಸೆಪ್ಟೆಂಬರ್ 25ರಂದು ಅದನ್ನು ಮುಗಿಸಿತು. ಹೈಕೋರ್ಟಿಗೂ ಗೋರಿಪಾಳ್ಯಕ್ಕೂ ನಡುವೆ ಕೆಲವೇ ಕಿಲೋಮೀಟರು. ಯಾವ ಮಗುವೂ ಮೊಬೈಲಿನಲ್ಲಿ ಆ ದಾರಿಯನ್ನು ತೋರಿಸಬಲ್ಲದು. ಜಾಗ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅಲ್ಲಿ ಯಾರು ಹೇಗೆ ಬದುಕುತ್ತಾರೆಂಬುದು ಗೊತ್ತಿರಲಿಲ್ಲ. ನಕ್ಷೆ ನೀಗಿಸಲಾರದ ಅಜ್ಞಾನವಿದು. ಮನೆಯೊಳಗೆ ಕೂತು ಊದುಬತ್ತಿ ಹೊಸೆಯುವ ಹೆಂಗಸಿಗೆ ಅದರಲ್ಲಿ ಗುರುತಿಲ್ಲ. ಬೋರ್ಡು ಹಾಕಿ ವ್ಯಾಪಾರ ಮಾಡುವವನಿಗೆ ಇದೆ.

ನಕ್ಷೆ ಭಯವನ್ನೂ ಬರೆಯಬಲ್ಲದು. 2020ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ತಂದ ‘ಕೊರೋನಾ ವಾಚ್’ ಆ್ಯಪ್, ಸೋಂಕಿತರು ಓಡಾಡಿದ ಜಾಗಗಳನ್ನು ಎಲ್ಲರಿಗೂ ಕಾಣುವಂತೆ ಗುರುತು ಹಾಕಿ ತೋರಿಸಿತು. ಆ ಜಾಗಕ್ಕೆ ಹೋಗಿದ್ದವರು ಎಚ್ಚರಗೊಳ್ಳಲಿ ಎಂಬುದು ಉದ್ದೇಶ. ನೋಡುವ ಕಣ್ಣಿಗೆ ರೋಗಿಯ ಬದಲು ಬಡಾವಣೆ ಕಂಡಿತು. ಮುಂದಿನ ತಿಂಗಳು ಸೀಲ್‌ಡೌನ್ ಆದ ಪಾದರಾಯನಪುರದ ಹೆಸರು ಟಿ.ವಿ.ಯಲ್ಲಿ ಬೈಗುಳದಂತೆ ಬಳಕೆಯಾಯಿತು. ಗುರುತು ಅಳಿಸಿದ ಮೇಲೂ ಬೈಗುಳ ಅಳಿಯಲಿಲ್ಲ.

ಇನ್ನು ನಕ್ಷೆಗೆ ಹಿಡಿಯಲಾಗದ ಒಂದು ದಾರಿಯಿದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುವ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಮುಂದೆ ಸಾಗುತ್ತದೆ. ಬೆಂಗಳೂರಿನ ಬಗ್ಗೆ ಹೊಸಬನೊಬ್ಬ ತಿಳಿಯಬೇಕಾದ ಸ್ಥಳೀಯ ಮಾಹಿತಿ ಇದಕ್ಕಿಂತ ದೊಡ್ಡದು ಯಾವುದಿದ್ದೀತು? ನಕ್ಷೆಯಲ್ಲಿ ಗುಡಿಗೊಂದು ಗುರುತು, ದರ್ಗಾಕ್ಕೊಂದು ಗುರುತು. ಎರಡರ ನಡುವಿನ ನೆಂಟಸ್ತಿಕೆ ಹೆಚ್ಚೆಂದರೆ ಆ ರಾತ್ರಿಯ ವಾಹನ ದಟ್ಟಣೆಯಾಗಿ ಕಾಣಿಸೀತು.

ಹಾಗೆಂದು ನಕ್ಷೆಯನ್ನು ದೂರವಿಡೋಣವೇ? ಅದು ಆಗದ ಮಾತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 5 ನಗರ ಪಾಲಿಕೆಗಳು ಬಂದವು. ಕಸದ ದೂರನ್ನು ಯಾವ ಪಾಲಿಕೆಗೆ ಕೊಡಬೇಕೆಂದು ತಿಳಿಯಲೂ ಈಗ ನಕ್ಷೆ ಬೇಕು. ಓದುಗರಾಗಿಯಷ್ಟೇ ಉಳಿಯಬೇಕಿಲ್ಲ ಎಂಬುದೇ ನಮ್ಮ ತಕರಾರು. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಮುಕ್ತ ನಕ್ಷೆಗೆ ಯಾರು ಬೇಕಾದರೂ ಬರೆಯಬಹುದು, ವಿಕಿಪೀಡಿಯದಂತೆ. ಅದರಲ್ಲಿ ಒಂದೇ ಜಾಗಕ್ಕೆ ಕನ್ನಡದ ಹೆಸರನ್ನು ಬೇರೆ, ಉರ್ದುವಿನ ಹೆಸರನ್ನು ಬೇರೆ ದಾಖಲಿಸಲು ಅವಕಾಶವಿದೆ. ಇಂಗ್ಲಿಷಿನ ಬಾಗಿಲು ತಟ್ಟಬೇಕಿಲ್ಲ. ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತವೆ, ಒಳ್ಳೆಯದೇ. ಒಂದು ಭಾನುವಾರ ಮೊಹಲ್ಲಾದ ಹೈಸ್ಕೂಲ್ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಕುಡಿಯುವ ನೀರಿನ ನಲ್ಲಿ, ಆಂಬುಲೆನ್ಸ್ ಒಳಹೋಗಬಲ್ಲ ಗಲ್ಲಿ ಇವನ್ನೆಲ್ಲ ಬರೆಸಬಹುದು. ಯಾವ ಗಲ್ಲಿ ಎಲ್ಲಿ ಮುಗಿಯುತ್ತದೆಂದು ಆ ಮಕ್ಕಳಿಗೆ ಚೆನ್ನಾಗಿ ಗೊತ್ತು.