ಡ್ರಮ್ಮಿನ ಲೆಕ್ಕ, ಚೀಲದ ಲೆಕ್ಕ

ಬೀದರ್ ಜಿಲ್ಲೆಯ ದುಬಲಗುಂಡಿ ಹೋಬಳಿಯಲ್ಲಿ ಕಾಯಿಪಲ್ಲೆ ಬೆಳೆಯುವವರ ನಡುವೆ ಕೂತರೆ ಹರಟೆ ಬೇಗ ಜಗಳಕ್ಕೆ ತಿರುಗುತ್ತದೆ. ಒಂದು ಕಡೆ ಡ್ರಮ್ಮಿನವರು, ಇನ್ನೊಂದು ಕಡೆ ಚೀಲದವರು. ಡ್ರಮ್ಮಿನಲ್ಲಿ ಜೀವಾಮೃತ, ಚೀಲದಲ್ಲಿ ಸರಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ. ಚೀಲ ಹಾಕಿದವನು ಮಣ್ಣು ಕೊಂದ ಎಂದು ಇವರು, ಡ್ರಮ್ಮು ಕಲಕಿದವನು ಸಂಸಾರ ಮುಳುಗಿಸಿದ ಎಂದು ಅವರು. ಇಬ್ಬರೂ ಎದುರಿನವನ ಲೆಕ್ಕವನ್ನಷ್ಟೇ ಬರೆದಿಡುತ್ತಾರೆ ಎಂಬುದು ನನ್ನ ತಕರಾರು. ಈ ವಾರ ಎರಡನ್ನೂ ಕೂಡಿಸಿ ನೋಡೋಣ.

ಮೊದಲು ಡ್ರಮ್ಮು. ಅಮರಾವತಿ ಜಿಲ್ಲೆಯ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಪಾಕ ಈಗ ಎಲ್ಲರಿಗೂ ಬಾಯಿಪಾಠ. 200 ಲೀಟರ್ ನೀರು, 10 ಕಿಲೊ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಳ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು, ಹೊತ್ತಿಗೊಮ್ಮೆ ಕಲಕಿದರೆ ಒಂದು ಎಕರೆಗೆ ಸಾಕು. ಸರಿ, ಇದರಲ್ಲಿ ಸಾರಜನಕ ಎಷ್ಟಿದೆ? ಸಗಣಿಯದು ಮೂವತ್ತು ನಲವತ್ತು ಗ್ರಾಮ್, ಗಂಜಳದ್ದು ಹೆಚ್ಚೆಂದರೆ ನೂರು, ಹಿಟ್ಟಿನದು ಎಪ್ಪತ್ತರ ಆಸುಪಾಸು. ಒಟ್ಟು ಇನ್ನೂರು ಗ್ರಾಮಿನ ಸುತ್ತಮುತ್ತ. ಬೆಳೆಯುದ್ದಕ್ಕೂ ಎಂಟು ಸಲ ಹೊಯ್ದರೂ ಎರಡು ಕಿಲೊ ಮುಟ್ಟುವುದಿಲ್ಲ. ಟೊಮ್ಯಾಟೊ ಗಿಡ ಒಂದು ಟನ್ ಹಣ್ಣು ಕೊಡಲು ಸುಮಾರು 2.5 ಕಿಲೊ ಸಾರಜನಕ ಎಳೆದುಕೊಳ್ಳುತ್ತದೆ. ಎಕರೆಗೆ 20 ಟನ್ ಬೇಕೆನ್ನುವವನಿಗೆ 50 ಕಿಲೊ ಬೇಕು. ಉಳಿದ 48 ಕಿಲೊ ಎಲ್ಲಿಂದ?

ಹಾಗೆಂದು ಜೀವಾಮೃತ ಸುಳ್ಳಲ್ಲ. ಅದನ್ನು ಗೊಬ್ಬರ ಎಂದು ಪಾಳೇಕರರೂ ಹೇಳುವುದಿಲ್ಲ, ಮಣ್ಣಿನ ಸೂಕ್ಷ್ಮಜೀವಿಗಳನ್ನು ಎಬ್ಬಿಸುವ ದ್ರಾವಣ ಎನ್ನುತ್ತಾರೆ. ಅದು ಹೆಪ್ಪು. ಆದರೆ ಪಾತ್ರೆಯಲ್ಲಿ ಹಾಲೇ ಇಲ್ಲದಿದ್ದರೆ ಹೆಪ್ಪು ಹಾಕಿ ಮೊಸರಿಗೆ ಕಾದವನ ಗತಿಯಾಗುತ್ತದೆ. ನಮ್ಮ ಕಡೆ ಬರಡಾದ ಕೆಂಪು ಮಣ್ಣಿಗೆ ಡ್ರಮ್ಮಿನ ನೀರು ಹೊಯ್ದು, ಮೊದಲ ವರ್ಷವೇ ಬದನಿಕಾಯಿ ಕ್ರೇಟ್ ತುಂಬಲಿಲ್ಲವೆಂದು ನೈಸರ್ಗಿಕ ಕೃಷಿಯನ್ನೇ ಬೈದವರು ಬಹಳ. 2021ರಲ್ಲಿ ಶ್ರೀಲಂಕಾ ಸರಕಾರ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಲ್ಲಿಸಿ, ಅದೇ ವರ್ಷ ನವೆಂಬರ್ ಹೊತ್ತಿಗೆ ಹಿಂದೆ ಸರಿದದ್ದು ಇದೇ ಕಥೆಯ ದೊಡ್ಡ ರೂಪ. ಮಣ್ಣಿಗೆ ಹಾಕುವ ಸಾಮಾನು ಕೂಡಿಡದೆ ಚೀಲ ಮಾತ್ರ ಕಿತ್ತುಕೊಂಡರೆ ಗಿಡ ಏನು ತಿನ್ನಬೇಕು? ನಮ್ಮ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ 2,481 ಕೋಟಿ ರೂಪಾಯಿಯ ನೈಸರ್ಗಿಕ ಕೃಷಿ ಮಿಷನ್ನಿಗೆ ಒಪ್ಪಿಗೆ ಕೊಟ್ಟಿದೆ. ಆ ಹಣದಲ್ಲಿ ಡ್ರಮ್ಮಿಗಿಂತ ಮೊದಲು ತಿಪ್ಪೆಗೆ ಪಾಲು ಸಿಗಲಿ ಎಂಬುದು ನನ್ನ ಆಸೆ.

ತಿಪ್ಪೆ ಅಂದೆ. ಬೀದರ್ ಜಿಲ್ಲೆ ದೇವಣಿ ದನಗಳ ತವರು. ಗಡಿಯಾಚೆಯ ಲಾತೂರು, ಈಚೆಯ ಬೀದರ್ ಎರಡೂ ಸೇರಿ ಸಾಕಿ ಬೆಳೆಸಿದ ತಳಿ. ಮೈಮೇಲೆ ಕರಿ ಮಚ್ಚೆಯದು ಶೆವೆರಾ, ಬಿಳಿ ಮೈ ಕರಿ ಮುಖದ್ದು ವನ್ನೇರಾ, ಪೂರಾ ಬಿಳಿಯದು ಬಾಳಂಕ್ಯಾ. ಟ್ರ್ಯಾಕ್ಟರ್ ಬಂತು, ಎತ್ತು ಕಮ್ಮಿಯಾದವು, ಎತ್ತಿನ ಹಿಂದೆಯೇ ತಿಪ್ಪೆಯೂ ಹೋಯಿತು. ಕಾಯಿಪಲ್ಲೆಗೆ ಎಕರೆಗೆ 10 ಟನ್ ಕಳಿತ ತಿಪ್ಪೆಗೊಬ್ಬರ ಹಾಕಿ ಎನ್ನುವುದು ವಿಶ್ವವಿದ್ಯಾಲಯಗಳ ಪುಸ್ತಕದ ಶಿಫಾರಸು. ಚೀಲದವರು ಆ ಪುಟ ಹಾರಿಸಿ, ಮುಂದಿನ ಪುಟದ ಯೂರಿಯಾ, ಡಿಎಪಿ ಲೆಕ್ಕವನ್ನು ಮಾತ್ರ ಓದುತ್ತಾರೆ. ಪುಸ್ತಕದ ಪದ್ಧತಿಯನ್ನೂ ಅವರು ಅರ್ಧವೇ ಮಾಡುತ್ತಿದ್ದಾರೆ.

ತಿಪ್ಪೆ ಇಲ್ಲದವನಿಗೂ ನಮ್ಮ ನೆಲ ಒಂದು ದಾರಿ ಇಟ್ಟಿದೆ. ಮಿರಗ ಮಳೆಗೆ ಬಿತ್ತಿದ ಹೆಸರು, ಉದ್ದು ಈಗ ಹೂವಿಗೆ ಬಂದಿವೆ. ಆಗಸ್ಟ್ ಮುಗಿಯುವುದರೊಳಗೆ ಹೊಲ ಖಾಲಿ. ಹಿಂಗಾರಿಯ ಟೊಮ್ಯಾಟೊ, ಬದನೆ, ಹೂಕೋಸಿಗೆ ಇದಕ್ಕಿಂತ ಒಳ್ಳೆಯ ಮುಂಬೆಳೆ ನಾನು ಕಂಡಿಲ್ಲ. ಬುಡ್ಡಿ ಬಿಡಿಸಿಕೊಂಡು, ಗಿಡವನ್ನು ಬೇರುಸಹಿತ ಕೀಳದೆ ಅಲ್ಲೇ ಕುಂಟಿ ಹೊಡೆದು ಮಣ್ಣಿಗೆ ಸೇರಿಸಿ. ಹೊಟ್ಟು ದನಕ್ಕೆ ಬೇಕೇ ಬೇಕು ಎನ್ನುವವರು ಅರ್ಧವಾದರೂ ಬಿಡಿ. ಡ್ರಮ್ಮಿನ ನೀರು ಬೀಳಬೇಕಾದದ್ದು ಈ ಕಸದ ಮೇಲೆ. ಆಗ ನೋಡಿ ಅದರ ಕೆಲಸ.

ಇನ್ನು ಚೀಲ. 45 ಕಿಲೊದ ಯೂರಿಯಾ ಚೀಲದಲ್ಲಿ ಇಪ್ಪತ್ತು ಕಿಲೊ ಮೇಲ್ಪಟ್ಟು ಸಾರಜನಕ, ಬೆಲೆ 266 ರೂಪಾಯಿ 50 ಪೈಸೆ. ಇಷ್ಟು ಅಗ್ಗವಾದದ್ದನ್ನು ಅಳೆದು ಹಾಕುವ ಮನಸ್ಸು ಯಾರಿಗೆ ಬರುತ್ತದೆ? ಮಳೆ ನಿಂತ ಮರುದಿನ ಸೆರಗಿನಲ್ಲಿ ತುಂಬಿಕೊಂಡು ಎರಚುವುದು ರೂಢಿ. ನಾಲ್ಕೇ ದಿನಕ್ಕೆ ಗಿಡ ಕರ್ರಗೆ ಹಸಿರಾಗುತ್ತದೆ, ನೆರೆಯವನು ನಿಂತು ನೋಡುತ್ತಾನೆ. ಹತ್ತನೆಯ ದಿನಕ್ಕೆ ಆ ಎಳೆ ಎಲೆಯ ಅಡಿಗೆ ಹೇನು, ಬಿಳಿನೊಣ. ಬಿಳಿನೊಣದ ಹಿಂದೆ ಬೆಂಡೆಗೆ ಹಳದಿ ರೋಗ, ಟೊಮ್ಯಾಟೊಗೆ ಎಲೆ ಮುದುಡು. ಅದಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕು. ಚೀಲದಲ್ಲಿ ಉಳಿಸಿದ್ದೆಲ್ಲ ಬಾಟ್ಲಿಗೆ ಹೋಗುತ್ತದೆ. ಅದೇ ಯೂರಿಯಾವನ್ನು ಮೂರು ಕಂತು ಮಾಡಿ, ಬುಡದಿಂದ ಒಂದು ಗೇಣು ದೂರ ಕುರಪಿಯಿಂದ ಗೀರಿ ಮಣ್ಣು ಮುಚ್ಚಿದರೆ ಅರ್ಧ ಚೀಲ ಉಳಿಯುತ್ತದೆ. ಡಿಎಪಿಯದು ಇನ್ನೊಂದು ಪಜೀತಿ. ಹುಮನಾಬಾದ್ ಸೀಮೆಯ ಜಂಬಿಟ್ಟಿಗೆ ಕೆಂಪು ಮಣ್ಣಿನ ಕಬ್ಬಿಣದ ಅಂಶ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ತಿಪ್ಪೆಗೊಬ್ಬರದ ಜತೆ ಕಲಸಿ ಬೇರಿನ ಹತ್ತಿರವೇ ಇಟ್ಟರೆ ಮಾತ್ರ ದುಡ್ಡು ಗಿಡಕ್ಕೆ ಮುಟ್ಟುತ್ತದೆ.

ಎಣ್ಣೆಯ ಮಾತು ಬಂತಲ್ಲ, ಬದನೆಯ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಎರಡೂ ಪಕ್ಷದವರ ಗರ್ವ ಇಳಿಸುವ ಬೆಳೆ ಇದು. "ಎಷ್ಟ್ ಎಣ್ಣಿ ಹೊಡದ್ರೂ ಕೀಡಿ ಹೋಗವಲ್ವುರಿ ಅಣ್ಣಾ" ಎಂದು ಬುಟ್ಟಿ ಮುಂದಿಟ್ಟುಕೊಂಡು ಕೂತ ಅವ್ವನೊಬ್ಬಳು ತೂತು ಬಿದ್ದ ಕಾಯಿ ತೋರಿಸುತ್ತಾಳೆ. ಆ ತೂತು ಹುಳ ಒಳಗೆ ಹೋದ ದಾರಿಯಲ್ಲ, ಹೊರಟುಹೋದ ದಾರಿ. ಒಳಗೆ ಹೋದ ಕಂಡಿ ಸೂಜಿಮೊನೆಯಷ್ಟು. ಕಾಯಿ ಬೆಳೆಯುತ್ತಲೇ ಅದು ಮುಚ್ಚಿಹೋಗಿರುತ್ತದೆ. ಮೊಟ್ಟೆಯೊಡೆದ ಮರಿ ಕೊರೆದು ಒಳಸೇರಲು ಹೆಚ್ಚು ಹೊತ್ತು ಬೇಡ, ಆಮೇಲೆ ಮೇಲಿನಿಂದ ಏನೇ ಹೊಡೆದರೂ ಸಿಪ್ಪೆಗೆ ಸ್ನಾನ. ಅದು ಗಂಜಳದ ಕಷಾಯವಾದರೂ ಅಷ್ಟೇ, ದುಬಾರಿ ಬಾಟ್ಲಿಯಾದರೂ ಅಷ್ಟೇ.

ಹುಳ ಮೊದಲು ಬರುವುದು ಕುಡಿಗೆ. ಕಾಯಿ ಹಿಡಿಯುವ ಮೊದಲೇ ಎಳೆ ಕುಡಿಯೊಂದು ಬಾಡಿ ಜೋತುಬಿದ್ದಿರುತ್ತದೆ. ನೀರು ಸಾಲದೆ ಬಾಡಿದ್ದಾದರೆ ಗಿಡವೆಲ್ಲ ಬಾಡಬೇಕು. ಒಂದೇ ಕುಡಿ ಬಾಡಿದ್ದರೆ ಒಳಗೆ ಆಸಾಮಿ ಇದ್ದಾನೆ. ಜೋತ ಜಾಗದಿಂದ ಎರಡು ಬೆರಳು ಕೆಳಗೆ ಚಿವುಟಿ, ಉಗುರಿನಿಂದ ಸೀಳಿ ನೋಡಿ. ತಿಳಿ ಗುಲಾಬಿ ಬಣ್ಣದ ಹುಳ, ಹಿಂದೆ ಅದರ ಹಿಕ್ಕೆ. ಚಿವುಟಿದ್ದನ್ನು ಬದುವಿಗೆ ಎಸೆದರೆ ಅಲ್ಲೇ ಗೂಡು ಕಟ್ಟಿ ಚಿಟ್ಟೆಯಾಗಿ ಮರಳಿ ಬರುತ್ತದೆ, ನೀರಿನ ಬಕೆಟ್ಟಿಗೇ ಹಾಕಬೇಕು. ವಾರಕ್ಕೊಂದು ಸಲ, ತಪ್ಪದೆ, ಸಾಲು ಬಿಡದೆ. ಜತೆಗೆ ಗಂಡು ಚಿಟ್ಟೆಗೆ ಮೋಹಕ ಬಲೆ. ಇನ್ನೊಂದು ಗುಟ್ಟು: ಹೋದ ಸಲದ ಬದನೆ ಕಟ್ಟಿಗೆಯನ್ನು ಒಲೆಗೆಂದು ಹೊಲದ ಮೂಲೆಯಲ್ಲಿ ಒಟ್ಟುತ್ತೇವಲ್ಲ, ಚಿಟ್ಟೆ ಏಳುವುದು ಅಲ್ಲಿಂದಲೂ.

ಇದೇ ಹುಳಕ್ಕಾಗಿ ಬಿಟಿ ಬದನೆ ಬಂತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಲಾಪುರ, ಕುಡಚಿ, ರಬಕವಿಯ ನಮ್ಮ ನಾಟಿ ಬದನೆಗಳಿಗೇ ಬಿಟಿ ಜೀನ್ ಸೇರಿಸಿತ್ತು. 2010ರ ಫೆಬ್ರುವರಿ 9ರಂದು ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ತಡೆ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅಂದು ಹೋರಾಡಿದವರಾಗಲಿ, ಬೀಜ ಮಾಡಿದವರಾಗಲಿ ಆಮೇಲೆ ಕುಡಿ ಚಿವುಟುವುದನ್ನು ಊರೂರಿಗೆ ಕಲಿಸಲು ಬರಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಬಾಟ್ಲಿ ಬಂದು ಕೂತಿತು. ಮೊನೊಕ್ರೊಟೊಫಾಸನ್ನು ತರಕಾರಿಗೆ ಹೊಡೆಯಬಾರದೆಂದು ಸರಕಾರ ಹೇಳಿದ್ದು 2005ರಲ್ಲಿ. ಹತ್ತಿ ತೊಗರಿಗೆಂದು ಕೊಂಡ ಬಾಟ್ಲಿ ಬದನೆ ಸಾಲಿಗೂ ದಾಟುವುದನ್ನು ಯಾರು ಕಾಯುತ್ತಿದ್ದರು? ಹೊಡೆಯಲೇಬೇಕಾದ ಹೊತ್ತೂ ಬರುತ್ತದೆ, ಬೇಡ ಎನ್ನಲಾರೆ. ಬಾಟ್ಲಿ ಮೇಲೆ ಹೊಡೆದ ಎಷ್ಟು ದಿನಕ್ಕೆ ಕೀಳಬೇಕೆಂದು ಬರೆದಿರುತ್ತದೆ. ಇಂದು ಸಂಜೆ ಹೊಡೆದು ನಾಳೆ ನಸುಕಿನ ಹರಾಜಿನ ಸವಾಲಿಗೆ ಕಾಯಿ ಒಯ್ಯುವವನನ್ನು ಮಾತ್ರ ಯಾವ ಪದ್ಧತಿಯ ಹೆಸರಲ್ಲೂ ಸಮರ್ಥಿಸಲಾಗದು.

ಸವಾಲಿನ ಬಗ್ಗೆ ಒಂದೇ ಮಾತು. ನಮ್ಮ ಕಡೆಯ ಪೇಟೆಯಲ್ಲಿ ವಿಷವಿಲ್ಲದ ಕಾಯಿಗೂ ವಿಷದ ಕಾಯಿಗೂ ಒಂದೇ ದರ. ಹೆಚ್ಚಿನ ಬೆಲೆಯ ಆಸೆಗೆ ಪದ್ಧತಿ ಬದಲಿಸುವವರು ಮೊದಲು ಗಿರಾಕಿ ಹುಡುಕಿಕೊಳ್ಳಿ.

ನನಗೆ ಎಲ್ಲಕ್ಕಿಂತ ಮೆಚ್ಚಾದ ಉಪಾಯ ಎರಡೂ ಪಕ್ಷಕ್ಕೆ ಸೇರದ್ದು. ತೊಗರಿ ಬೆಳೆದವರಿಗೆಲ್ಲ ಹಸಿರು ಕೀಡಿ ಗೊತ್ತು. ಗಿಡ ಅಲ್ಲಾಡಿಸಿ ಕೆಳಗೆ ಹಾಸಿದ ತಾಟಿನ ಮೇಲೆ ಉದುರಿಸಿ ಕೊಲ್ಲುತ್ತಿದ್ದ ಹುಳ. ನಮ್ಮದೇ ಹೆದ್ದಾರಿಯ ಮೇಲಿನ ಪಟಾನ್‌ಚೆರುವಿನ ಇಕ್ರಿಸ್ಯಾಟ್ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ಹುಳ. ಟೊಮ್ಯಾಟೊ ಹಣ್ಣು ಕೊರೆಯುವುದೂ ಅದೇ. ಅದರ ಚಿಟ್ಟೆಗೆ ಟೊಮ್ಯಾಟೊಗಿಂತ ಚೆಂಡುಹೂವಿನ ಮೇಲೆ ಮೊಟ್ಟೆಯಿಡುವ ಆಸೆ ಹೆಚ್ಚು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನು ಹಿಡಿದು ಲೆಕ್ಕ ಹಾಕಿಕೊಟ್ಟರು: 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ. ಎಲೆಕೋಸಿಗೂ ಹೀಗೇ, 25 ಸಾಲಿಗೆ ಎರಡು ಸಾಲು ಸಾಸಿವೆ, ವಜ್ರಬೆನ್ನಿನ ಪತಂಗ ಅದಕ್ಕೆ ಮರುಳಾಗುತ್ತದೆ. ಎಣ್ಣೆಯೋ ಬೇವಿನ ಕಷಾಯವೋ ಹೊಡೆಯುವುದಿದ್ದರೆ ಆ ಹೂವಿನ, ಸಾಸಿವೆಯ ಸಾಲಿಗಷ್ಟೇ ಹೊಡೆದರೆ ಬಹುಪಾಲು ಕೆಲಸ ಮುಗಿಯಿತು. ಎಳ್ಳಮಾಸೆಯ ಭಜ್ಜಿಗೆ ಬೇಕಾದದ್ದನ್ನೆಲ್ಲ ಒಂದೇ ಹೊಲದ ಅಕ್ಕಡಿಯಲ್ಲಿ ಬೆಳೆಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸದೆನಿಸುತ್ತಿರಲಿಲ್ಲ. ಸಾಲಿನ ಲೆಕ್ಕ ಮಾತ್ರ ಹೊಸದು.

ಇದರಲ್ಲಿ ಎಲ್ಲರೂ ಎಡವುವುದು ದಿನದ ಲೆಕ್ಕದಲ್ಲಿ. ಟೊಮ್ಯಾಟೊ ಹೂವಿಗೆ ಬರುವ ಹೊತ್ತಿಗೆ ಚೆಂಡುಹೂವೂ ಮೊಗ್ಗು ಬಿಟ್ಟಿರಬೇಕು, ಇಲ್ಲದಿದ್ದರೆ ಚಿಟ್ಟೆ ಕಾಯುವುದಿಲ್ಲ. ನಾಟಿಯ ದಿನ ಟೊಮ್ಯಾಟೊ ಅಗಿಗೆ 25 ದಿನ, ಚೆಂಡುಹೂವಿನ ಸಸಿಗೆ 45 ದಿನ ಆಗಿರಬೇಕು. ಅಂದರೆ ಹೆಸರು ಬಿಡಿಸಿದ ಹೊಲಕ್ಕೆ ಸೆಪ್ಟೆಂಬರ್ ಮೊದಲ ವಾರ ಟೊಮ್ಯಾಟೊ ನೆಡುವವರು ಉದ್ದ ಬೆಳೆಯುವ ಚೆಂಡುಹೂವಿನ ಬೀಜವನ್ನು ಈ ವಾರವೇ ಮಡಿಗೆ ಚೆಲ್ಲಬೇಕು. ಟೊಮ್ಯಾಟೊ ಬೀಜ ಇನ್ನು ಇಪ್ಪತ್ತು ದಿನ ಬಿಟ್ಟು, ಎತ್ತರದ ಮಡಿಯಲ್ಲಿ, ಬಿಳಿನೊಣ ನುಸುಳದ ನೈಲಾನ್ ಪರದೆಯ ಕೆಳಗೆ. ಬೇವಿನ ಹಣ್ಣೂ ಈಗ ಉದುರುತ್ತಿದೆ. ತೊಳೆದು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿ ಕಟ್ಟಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೂಸು ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಲೀಟರಿಗೆ 50 ಗ್ರಾಮ್ ತಿರುಳಿನ ಪುಡಿ ರಾತ್ರಿ ನೆನೆಸಿ, ಸೋಸಿ, ಬಿಸಿಲು ಇಳಿದ ಮೇಲೆ ಹೊಡೆಯಲು ಬೇಕಾಗುತ್ತದೆ.