ತೊಡೆ ಮುರಿದವನ ಲೆಕ್ಕ

ಕಲ್ಯಾಣ ಚಾಲುಕ್ಯರ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ರನ್ನನು ರಚಿಸಿದ ‘ಗದಾಯುದ್ಧ’ದಲ್ಲಿ ಗಾಯಕ್ಕೂ ಕಾದಾಟದ ಕಸುವಿಗೂ ಇರುವ ನಂಟಿನ ಬಗ್ಗೆ ಖಚಿತವಾದ ತಿಳಿವಳಿಕೆಯೊಂದಿದೆ; ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಆಡುವ ರೋಲ್‌ಪ್ಲೇಯಿಂಗ್ ಆಟಗಳ ನಿಯಮಕಾರರು ಅರ್ಧ ಶತಮಾನದಿಂದ ತಡಕಾಡುತ್ತಿರುವುದೂ ಅದಕ್ಕಾಗಿಯೇ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಪಾತ್ರವೊಂದು ಎಷ್ಟು ಪೆಟ್ಟು ತಾಳಬಲ್ಲದೆಂಬುದಕ್ಕೆ ಹಿಟ್ ಪಾಯಿಂಟ್ ಎಂಬ ಅಂಕಿಯಿದೆ. 40 ಅಂಕವಿದ್ದ ಯೋಧ 39ನ್ನು ಕಳೆದುಕೊಂಡ ಮೇಲೂ ಮೊದಲಿನಷ್ಟೇ ಬಿರುಸಾಗಿ ಕತ್ತಿ ಬೀಸುತ್ತಾನೆ, ಉಳಿದ ಒಂದೂ ಹೋದೊಡನೆ ಕುಸಿಯುತ್ತಾನೆ. ಈ ಅಂಕಿ ಬರಿಯ ಮೈಯದಲ್ಲ, ಕೌಶಲ, ಅದೃಷ್ಟ, ದೈವಬಲಗಳೂ ಅದರಲ್ಲಿ ಸೇರಿವೆ ಎಂದು ಗೈಗ್ಯಾಕ್ಸ್ 1979ರ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ಕೊಟ್ಟ ಸಮಜಾಯಿಷಿಯನ್ನು ಜಾರಿಕೆಯ ಮಾತೆಂದು ಹಳಿಯುವವರುಂಟು, ಆದರೆ ಮೈತುಂಬ ಬಾಣ ನಾಟಿಸಿಕೊಂಡೂ ಬಿಲ್ಲು ಬಿಡದ ವೀರರನ್ನು ಕಾವ್ಯದಲ್ಲಿ ಕಂಡವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ.

ಇದಕ್ಕೆ ಎದುರಾಗಿ ನಿಂತ ಪಂಥ ನೋವಿಗೆ ದಂಡ ವಿಧಿಸುತ್ತದೆ. 1977ರ ‘ಟ್ರಾವೆಲರ್’ನಲ್ಲಿ ಪೆಟ್ಟು ನೇರವಾಗಿ ಪಾತ್ರದ ಬಲ, ಚುರುಕು, ತಾಳಿಕೆಗಳ ಅಂಕಿಗಳನ್ನೇ ಕಡಿಯುತ್ತದೆ, 1991ರ ‘ವ್ಯಾಂಪೈರ್: ದ ಮಾಸ್ಕರೇಡ್’ನಲ್ಲಿ ಗಾಯ ಬಲಿತಂತೆಲ್ಲ ಉರುಳಿಸುವ ದಾಳಗಳು ಒಂದೆರಡರಂತೆ, ಕೊನೆಗೆ ಐದರವರೆಗೂ ಕಡಿಮೆಯಾಗುತ್ತವೆ. ಇಪ್ಪತ್ತು ಮುಖಗಳ ದಾಳದಲ್ಲಿ 11 ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದರೆ ಗುರಿ ತಾಗುವುದೆಂದಿಟ್ಟುಕೊಂಡರೆ ಅವಕಾಶ ನೂರಕ್ಕೆ 50. ಗಾಯದ ದಂಡವಾಗಿ ನಾಲ್ಕು ಕಳೆದರೆ ಅದು 30ಕ್ಕೆ ಇಳಿಯುತ್ತದೆ, ಗುರಿ ತಪ್ಪಿದವನು ಮತ್ತೆ ಪೆಟ್ಟು ತಿನ್ನುತ್ತಾನೆ, ಮತ್ತಷ್ಟು ಇಳಿಯುತ್ತಾನೆ. ಆಟಗಾರರು ಸಾವಿನ ಸುಳಿ ಎನ್ನುವುದು ಇದನ್ನೇ. ವಾಸ್ತವಕ್ಕೆ ಹತ್ತಿರವೆಂಬ ಹೆಗ್ಗಳಿಕೆ ಈ ಪಂಥಕ್ಕಿದ್ದರೂ, ಮೊದಲ ಪೆಟ್ಟು ಯಾರದೆಂಬುದರಲ್ಲೇ ಕಾಳಗ ತೀರ್ಮಾನವಾಗಿಬಿಡುವುದರಿಂದ ಉಳಿದ ಸರದಿಗಳು ಬರಿಯ ಲೆಕ್ಕಪತ್ರವಾಗುತ್ತವೆ.

ಎರಡೂ ಪಂಥಗಳು ಕೇಳುವುದು ‘ಎಷ್ಟು’ ಎಂದು. ‘ಎಲ್ಲಿ’ ಎಂದು ಗಟ್ಟಿಯಾಗಿ ಕೇಳಿದ್ದು 1978ರ ‘ರೂನ್‌ಕ್ವೆಸ್ಟ್’. ಅದರಲ್ಲಿ ತಲೆ, ತೋಳು, ಹೊಟ್ಟೆ, ಕಾಲುಗಳಿಗೆ ಬೇರೆಬೇರೆ ಅಂಕಿಗಳಿದ್ದು, ಕಾಲಿನ ಅಂಕಿ ಬತ್ತಿದವನು ನೆಲಕ್ಕೆ ಬೀಳುತ್ತಾನೆಯೇ ಹೊರತು ಒಟ್ಟಾರೆಯಾಗಿ ‘ಸ್ವಲ್ಪ ಕಡಿಮೆ ಯೋಧ’ನಾಗುವುದಿಲ್ಲ. ಪ್ರತಿ ಹೊಡೆತಕ್ಕೂ ಮತ್ತೊಂದು ದಾಳ, ಮತ್ತೊಂದು ಪಟ್ಟಿ ಬೇಕಾಗುವ ಈ ಪದ್ಧತಿ ನಿಧಾನದ್ದೆಂಬುದು ನಿಜ, ಆದರೆ ರನ್ನನ ದಾರಿಗೆ ಸಮೀಪವಾದದ್ದೂ ಇದೇ. ಗದಾಯುದ್ಧದ ಕಟ್ಟಳೆ ಹೊಕ್ಕುಳ ಕೆಳಗೆ ಹೊಡೆಯಬಾರದೆನ್ನುತ್ತದೆ. ಭೀಮ ತೊಡೆಗೆ ಹೊಡೆಯುವವರೆಗೂ ದುರ್ಯೋಧನ ಅವನಿಗೆ ಸರಿಸಾಟಿ, ಹೊಡೆದ ಮರುಗಳಿಗೆ ನಿಲ್ಲಲಾರದವನು. ನಿಯಮ ಮುರಿಯದೆ ಆ ಗಾಯವೇ ಸಾಧ್ಯವಿರಲಿಲ್ಲವೆಂಬುದರಿಂದ ಅಲ್ಲಿ ಗಾಯವೂ ಅಧರ್ಮವೂ ಒಂದೇ ಏಟಿನಲ್ಲಿ ಬೆಸೆದುಕೊಂಡಿವೆ. ಯಾವ ಪಟ್ಟಿಯೂ ಇಂಥದ್ದಕ್ಕೆ ಸಾಲು ಬಿಟ್ಟಿಲ್ಲ.

ಇನ್ನೊಂದು ಸಂಗತಿಯನ್ನು ಈ ನಿಯಮಗಳು ಬಹುಮಟ್ಟಿಗೆ ಕಡೆಗಣಿಸುತ್ತವೆ. ಮೈಗೆ ಪೆಟ್ಟು ಬೀಳುವ ಮುನ್ನವೇ ರನ್ನನ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಂಡು ಒಳಗೊಳಗೇ ಜರ್ಜರಿತನಾಗಿರುತ್ತಾನೆ, ಆದರೂ ಗದೆ ಹಿಡಿದ ಕೈ ಸಡಿಲುವುದಿಲ್ಲ. ಅತ್ತ, ತೊಡೆ ಮುರಿದು ಅಂಕಿಯೆಲ್ಲ ಸೊನ್ನೆಯಾದವನನ್ನು ಆಟ ಬದಿಗಿಡುತ್ತದೆ. ಮಹಾಭಾರತದಲ್ಲಾದರೋ ಹಾಗೆ ನೆಲದಲ್ಲಿ ಬಿದ್ದವನೇ ಅಶ್ವತ್ಥಾಮನಿಗೆ ಸೇನಾಪತಿಯ ಪಟ್ಟ ಕಟ್ಟುತ್ತಾನೆ, ಅಂದಿನ ರಾತ್ರಿ ಪಾಂಡವರ ಪಾಳೆಯದಲ್ಲಿ ಮಲಗಿದ್ದವರು ಬೆಳಕು ಕಾಣುವುದಿಲ್ಲ.